ಆಫರ್ ಲೆಟರ್ ನಂತರದ ಡ್ರಗ್ ಟೆಸ್ಟ್: ಅಮೆರಿಕದಲ್ಲಿ ಸ್ಯಾಂಪಲ್ ಕೊಡುವುದರಿಂದ ಫಲಿತಾಂಶದವರೆಗೆ

ಅಮೆರಿಕದಲ್ಲಿ ಆಫರ್ ಲೆಟರ್‌ಗೆ ಸಹಿ ಹಾಕಿದ ಒಂದೆರಡು ದಿನಕ್ಕೆ ಇನ್ನೊಂದು ಇಮೇಲ್ ಬರುತ್ತದೆ. ಅದರಲ್ಲಿ ಒಂದು ಬಾರ್‌ಕೋಡ್, ಹತ್ತಿರದ ಸ್ಯಾಂಪಲ್ ಸಂಗ್ರಹ ಕೇಂದ್ರದ ವಿಳಾಸ, ಇಂತಿಷ್ಟು ಗಂಟೆಯೊಳಗೆ ಹೋಗಿ ಮೂತ್ರದ ಸ್ಯಾಂಪಲ್ ಕೊಟ್ಟು ಬನ್ನಿ ಎಂಬ ಸೂಚನೆ ಇರುತ್ತದೆ. ಕೀಬೋರ್ಡ್ ಮುಂದೆ ಕೂರುವ ಕೆಲಸಕ್ಕೆ ಇದ್ಯಾಕೆ ಎಂದು ಮೊದಲ ಸಲ ನೋಡುವವರಿಗೆ ಅನ್ನಿಸುತ್ತದೆ. ಬ್ಯಾಂಕು, ಆಸ್ಪತ್ರೆ, ವಿಮಾ ಕಂಪನಿ, ಸರ್ಕಾರಿ ಇಲಾಖೆಗಳಿಗೆ ಜನರನ್ನು ಒದಗಿಸುವ ಕನ್ಸಲ್ಟಿಂಗ್ ಕಂಪನಿಗಳು ಎಷ್ಟೋ ಸಲ ಕ್ಲೈಂಟಿನ ಒಪ್ಪಂದದಲ್ಲಿ ಷರತ್ತು ಇದೆ ಅನ್ನುವ ಕಾರಣಕ್ಕೇ ಈ ಪರೀಕ್ಷೆ ಮಾಡಿಸುತ್ತವೆ. ಹಾಗಾಗಿ ಕಂಪನಿ ಅದೇ ಇದ್ದು ಪ್ರಾಜೆಕ್ಟ್ ಮಾತ್ರ ಬದಲಾದರೂ ಮತ್ತೊಮ್ಮೆ ಕರೆ ಬರಬಹುದು.

ಯಾವ ಚಟವೂ ಇಲ್ಲದವರು ಈ ಪರೀಕ್ಷೆಯಲ್ಲಿ ಪೆಟ್ಟು ತಿನ್ನುವುದನ್ನು ಹತ್ತಿರದಿಂದ ನೋಡಿದರೆ, ಕಾರಣ ಲ್ಯಾಬ್‌ನೊಳಗೆ ಸಿಗುವುದು ಕಡಿಮೆ. ಗಡುವು ಮೀರಿರುತ್ತದೆ, ಪರಿಶೀಲನಾ ವೈದ್ಯರ ಫೋನ್ ಎತ್ತಿರುವುದಿಲ್ಲ, ಇಲ್ಲವೇ ರಾಜ್ಯದ ಕಾನೂನು ಕೊಟ್ಟಿದ್ದ ನಾಲ್ಕೈದು ದಿನಗಳು ಸುಮ್ಮನೆ ಕಳೆದುಹೋಗಿರುತ್ತವೆ. ಆದ್ದರಿಂದ ಇಡೀ ದಾರಿಯನ್ನು ಗಡಿಯಾರದ ಲೆಕ್ಕದಲ್ಲೇ ತಿಳಿದುಕೊಂಡಿರುವುದು ಒಳ್ಳೆಯದು.

ಇಮೇಲ್ ಬಂದ ಕೂಡಲೇ ಮೂರು ವಿಷಯ ಹುಡುಕಿ. ಮೊದಲನೆಯದು ಗಡುವು. ಇದು ಕಂಪನಿಯಿಂದ ಕಂಪನಿಗೆ ಬೇರೆ, ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಗಡುವು ಮುಗಿದರೆ ಬಾರ್‌ಕೋಡ್ ಕೆಲಸ ಮಾಡುವುದಿಲ್ಲ. ಕೆಲವು ಕಂಪನಿಗಳು ಹೊಸದು ಕೊಡುತ್ತವೆ, ಕೆಲವು ಅದನ್ನು ನಿರಾಕರಣೆ ಎಂದೇ ಬರೆದುಕೊಳ್ಳುತ್ತವೆ. ಊರಲ್ಲಿ ಇಲ್ಲದಿದ್ದರೆ, ಜ್ವರದಲ್ಲಿ ಮಲಗಿದ್ದರೆ, ಗಡುವು ಮುಗಿಯುವ ಮೊದಲೇ ಎಚ್‌ಆರ್‌ಗೆ ಬರೆದು ವಿಸ್ತರಣೆ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ. ಎರಡನೆಯದು ಪ್ಯಾನೆಲ್, ಅಂದರೆ ಯಾವ ಯಾವ ವಸ್ತುಗಳಿಗೆ ಪರೀಕ್ಷೆ ಅನ್ನುವುದು. ಐದರ ಪ್ಯಾನೆಲ್‌ನಲ್ಲಿ ಗಾಂಜಾ, ಕೊಕೇನ್, ಆಂಫೆಟಮಿನ್, ಅಫೀಮಿನ ಜಾತಿಯ ಓಪಿಯಾಯ್ಡ್ ಮತ್ತು ಭ್ರಮೆ ಹುಟ್ಟಿಸುವ ಪಿಸಿಪಿ ಇರುತ್ತವೆ. ಹತ್ತರ ಪ್ಯಾನೆಲ್‌ನಲ್ಲಿ ನಿದ್ದೆ ಮತ್ತು ಆತಂಕಕ್ಕೆ ಕೊಡುವ ಬೆಂಜೊಡಯಾಜೆಪಿನ್, ಬಾರ್ಬಿಚುರೇಟ್‌ಗಳಂಥವೂ ಸೇರುತ್ತವೆ. ಊರಿನಿಂದ ಆಲ್‌ಪ್ರಜೋಲಮ್ ಅಥವಾ ಕ್ಲೊನಜೆಪಮ್ ಮಾತ್ರೆ ತಂದಿಟ್ಟುಕೊಂಡವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. ಮೂರನೆಯದು, ಇದು ಕೇಂದ್ರ ಸಾರಿಗೆ ಇಲಾಖೆಯ ನಿಯಮದ ಪರೀಕ್ಷೆಯೋ ಅಲ್ಲವೋ ಅನ್ನುವುದು. ಫಾರ್ಮಿನ ಮೇಲೆ ‘ಡಿಒಟಿ’ ಅಥವಾ ‘ನಾನ್-ಡಿಒಟಿ’ ಎಂದಿರುತ್ತದೆ. ಮುಂದಿನ ಎಷ್ಟೋ ಹಕ್ಕು ಈ ಎರಡು ಪದಗಳ ಮೇಲೆ ನಿಂತಿರುತ್ತವೆ.

ಕೇಂದ್ರ ಕಾನೂನು ಎಲ್ಲ ನೌಕರರಿಗೂ ಡ್ರಗ್ ಟೆಸ್ಟ್ ಕಡ್ಡಾಯ ಮಾಡಿದೆ ಎಂಬ ತಪ್ಪು ತಿಳಿವಳಿಕೆ ನಮ್ಮವರಲ್ಲಿ ಸಾಕಷ್ಟಿದೆ. 1988ರ ‘ಡ್ರಗ್-ಫ್ರೀ ವರ್ಕ್‌ಪ್ಲೇಸ್’ ಕಾಯ್ದೆ ಕೇಂದ್ರದ ಗುತ್ತಿಗೆ ಅಥವಾ ಅನುದಾನ ಪಡೆಯುವವರಿಗೆ ಲಿಖಿತ ನೀತಿ ಇರಬೇಕು ಎನ್ನುತ್ತದೆಯೇ ಹೊರತು ಪರೀಕ್ಷೆ ಮಾಡಿಸಲೇಬೇಕು ಎನ್ನುವುದಿಲ್ಲ. ಕಡ್ಡಾಯ ಇರುವುದು ಮುಖ್ಯವಾಗಿ 1991ರ ಸಾರಿಗೆ ನೌಕರರ ಪರೀಕ್ಷಾ ಕಾಯ್ದೆಯ ಅಡಿಯಲ್ಲಿ: ದೊಡ್ಡ ಟ್ರಕ್ ಮತ್ತು ಬಸ್ ಚಾಲಕರು, ಪೈಲಟ್‌ಗಳು, ರೈಲು ಸಿಬ್ಬಂದಿ ಮತ್ತು ಇಂಥದೇ ಸುರಕ್ಷತೆಯ ಕೆಲಸದವರಿಗೆ. ಅವರ ಪರೀಕ್ಷೆ ಹೇಗೆ ನಡೆಯಬೇಕು ಅನ್ನುವುದನ್ನು 49 ಸಿಎಫ್‌ಆರ್ ಭಾಗ 40 ಎಂಬ ನಿಯಮಾವಳಿ ಹನಿ ಹನಿಯಾಗಿ ಬರೆದಿಟ್ಟಿದೆ. ಉಳಿದ ಖಾಸಗಿ ಕೆಲಸಗಳಲ್ಲಿ ಮಾತು ಹೆಚ್ಚುಕಡಿಮೆ ರಾಜ್ಯದ್ದು. ರಾಜ್ಯ ಸುಮ್ಮನಿದ್ದರೆ ಕಂಪನಿಯದ್ದು.

ರಾಜ್ಯಗಳ ನಡುವಿನ ಅಂತರ ಸಣ್ಣದಲ್ಲ. ಡಾಲಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ಕನ್ನಡಿಗರು ಬಹಳ ಇದ್ದಾರೆ. ಅವರ ಟೆಕ್ಸಸ್‌ನಲ್ಲಿ ಖಾಸಗಿ ಕಂಪನಿಗಳ ಪರೀಕ್ಷೆಯನ್ನು ನಿರ್ಬಂಧಿಸುವ ರಾಜ್ಯ ಕಾನೂನು ಇಲ್ಲವೆಂದೇ ಹೇಳಬೇಕು. ಕಂಪನಿಯ ನೀತಿಯೇ ಅಲ್ಲಿ ನಿಮ್ಮ ಕಾನೂನು. ಫ್ಲಾರಿಡಾ ಮತ್ತು ಜಾರ್ಜಿಯಾ ಇನ್ನೊಂದು ದಾರಿ ಹಿಡಿದಿವೆ. ಅಲ್ಲಿ ರಾಜ್ಯದ ಮಾದರಿಯ ಪ್ರಕಾರ ಪರೀಕ್ಷಾ ಕಾರ್ಯಕ್ರಮ ನಡೆಸುವ ಕಂಪನಿಗೆ ಕಾರ್ಮಿಕರ ಪರಿಹಾರ ವಿಮೆಯ ಕಂತಿನಲ್ಲಿ ರಿಯಾಯಿತಿ ಉಂಟು, ಫ್ಲಾರಿಡಾದಲ್ಲಿ ಶೇ. 5, ಜಾರ್ಜಿಯಾದಲ್ಲಿ ಶೇ. 7.5. ಸಣ್ಣ ಪುಟ್ಟ ಕಂಪನಿಗಳೂ ಅಲ್ಲಿ ಪರೀಕ್ಷೆ ಮಾಡಿಸಲು ಈ ರಿಯಾಯಿತಿ ದೊಡ್ಡ ಪ್ರೇರಣೆ. ಆದರೆ ಆ ರಿಯಾಯಿತಿ ಬೇಕಾದರೆ ಕಂಪನಿಯೂ ನಿಯಮ ಪಾಲಿಸಬೇಕು. ಫ್ಲಾರಿಡಾದಲ್ಲಿ ಹೊಸದಾಗಿ ಕಾರ್ಯಕ್ರಮ ಶುರುಮಾಡುವಾಗ ಈಗಿರುವ ನೌಕರರಿಗೆ 60 ದಿನದ ಮುನ್ಸೂಚನೆ ಕೊಡಬೇಕು.

ಇದಕ್ಕೆ ಪೂರ್ತಿ ಎದುರು ತುದಿಯಲ್ಲಿ ಮಿನ್ನೆಸೋಟ, ವರ್ಮಾಂಟ್, ರೋಡ್ ಐಲೆಂಡ್, ಮೇಯ್ನ್, ಕನೆಕ್ಟಿಕಟ್ ಇವೆ. ಮೇಯ್ನ್‌ನಲ್ಲಿ ಕಂಪನಿಯ ಪರೀಕ್ಷಾ ನೀತಿಗೆ ರಾಜ್ಯದ ಕಾರ್ಮಿಕ ಇಲಾಖೆಯ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಪರೀಕ್ಷೆಯೇ ಇಲ್ಲ. ಕನೆಕ್ಟಿಕಟ್‌ನಲ್ಲಿ ಪರೀಕ್ಷೆ ಇದೆ ಎಂದು ಅರ್ಜಿ ಹಾಕುವಾಗಲೇ ಲಿಖಿತವಾಗಿ ತಿಳಿಸಬೇಕು, ಪಾಸಿಟಿವ್ ಬಂದರೆ ಅದರ ಪ್ರತಿ ಕೊಡಬೇಕು. ರೋಡ್ ಐಲೆಂಡ್‌ನಲ್ಲಿ ಈಗಾಗಲೇ ಕೆಲಸದಲ್ಲಿರುವವರನ್ನು ಕಣ್ಣಿಗೆ ಕಾಣುವ, ವಿವರಿಸಿ ಹೇಳಬಹುದಾದ ಕಾರಣವಿಲ್ಲದೆ ಪರೀಕ್ಷೆಗೆ ಕಳಿಸುವಂತಿಲ್ಲ. ಸ್ಯಾಂಪಲ್ ಕೊಡುವಾಗ ಯಾರೂ ನೋಡುತ್ತ ನಿಲ್ಲುವಂತಿಲ್ಲ. ಮೊದಲ ಸಲ ಪಾಸಿಟಿವ್ ಬಂದ ಮಾತ್ರಕ್ಕೆ ಕೆಲಸದಿಂದ ತೆಗೆಯುವಂತೆಯೂ ಇಲ್ಲ, ಚಿಕಿತ್ಸೆಗೆ ಕಳಿಸಬೇಕು. ವರ್ಮಾಂಟ್‌ನಲ್ಲಿ ಕೇಂದ್ರ ನಿಯಮ ಹೇಳಿದ ಕಡೆ ಬಿಟ್ಟರೆ ಯಾದೃಚ್ಛಿಕ ಪರೀಕ್ಷೆಗೆ ಅವಕಾಶವೇ ಇಲ್ಲ. ಕಾರ್ಮಿಕರ ಘನತೆಯನ್ನು ಕಾನೂನಿನ ಭಾಷೆಯಲ್ಲಿ ಹೀಗೆ ಬರೆದಿಟ್ಟ ರಾಜ್ಯಗಳನ್ನು ಮೆಚ್ಚಲೇಬೇಕು.

ಗಾಂಜಾದ ವಿಷಯದಲ್ಲಿ ಲೆಕ್ಕ ಮತ್ತೆ ಬೇರೆ. ನೆವಾಡದಲ್ಲಿ 2020ರ ಜನವರಿ 1ರಿಂದ ಗಾಂಜಾ ಪಾಸಿಟಿವ್ ಎಂಬ ಕಾರಣಕ್ಕೆ ಅಭ್ಯರ್ಥಿಯನ್ನು ತಿರಸ್ಕರಿಸುವಂತಿಲ್ಲ, ಆದರೆ ಅಗ್ನಿಶಾಮಕ ಸಿಬ್ಬಂದಿ, ಚಾಲಕರು, ತುರ್ತು ವೈದ್ಯಕೀಯ ಸಿಬ್ಬಂದಿಯಂಥವರು ಇದರಿಂದ ಹೊರಗೆ. ನ್ಯೂಯಾರ್ಕ್ ನಗರ ಅದೇ ವರ್ಷ ಮೇ 10ರಿಂದ ಕೆಲಸಕ್ಕೆ ಮುಂಚಿನ ಗಾಂಜಾ ಪರೀಕ್ಷೆಯನ್ನು ನಿಷೇಧಿಸಿತು. 2021ರಲ್ಲಿ ಇಡೀ ನ್ಯೂಯಾರ್ಕ್ ರಾಜ್ಯದ ಕಾರ್ಮಿಕ ಕಾನೂನೇ ಬದಲಾಯಿತು. ಅಲ್ಲಿ ಈಗ ಬಟ್ಟೆಯ ವಾಸನೆಯೊಂದೇ ಸಾಲದು, ಕೆಲಸಕ್ಕೆ ತೊಡಕಾಗುವ ನಿರ್ದಿಷ್ಟ ಲಕ್ಷಣ ಕಾಣಬೇಕು. ನ್ಯೂಜೆರ್ಸಿಯಲ್ಲಿಯೂ ಮೂತ್ರದಲ್ಲಿ ಗಾಂಜಾದ ಶೇಷಾಂಶ ಸಿಕ್ಕಿತು ಅನ್ನುವ ಒಂದೇ ಕಾರಣಕ್ಕೆ ಶಿಕ್ಷಿಸುವಂತಿಲ್ಲ. ಮಿನ್ನೆಸೋಟ 2023ರ ಆಗಸ್ಟ್ 1ರಂದು ಬಹುತೇಕ ಕೆಲಸಗಳ ಪಟ್ಟಿಯಿಂದ ಗಾಂಜಾವನ್ನು ತೆಗೆಯಿತು. ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳ ಕಾನೂನುಗಳು 2024ರ ಜನವರಿ 1ರಿಂದ ಜಾರಿಗೆ ಬಂದವು.

ಇಲ್ಲೊಂದು ಸೂಕ್ಷ್ಮ ಇದೆ. ಕ್ಯಾಲಿಫೋರ್ನಿಯಾ ತಡೆದಿರುವುದು ಮತ್ತೇರಿಸದ ಶೇಷಾಂಶವನ್ನು ಹುಡುಕುವ ಪರೀಕ್ಷೆಯ ಆಧಾರದ ಮೇಲೆ ತಾರತಮ್ಯ ಮಾಡುವುದನ್ನು. ಸಾಮಾನ್ಯ ಮೂತ್ರ ಪರೀಕ್ಷೆ ಹುಡುಕುವುದು ಇಂಥ ಶೇಷಾಂಶವನ್ನೇ. ಆಗೊಮ್ಮೆ ಈಗೊಮ್ಮೆ ಸೇದಿದವರಲ್ಲಿ ಅದು ಮೂರು ನಾಲ್ಕು ದಿನ, ದಿನವೂ ಸೇದುವವರಲ್ಲಿ ತಿಂಗಳವರೆಗೂ ಉಳಿಯಬಹುದು. ಅಷ್ಟು ಹೊತ್ತಿಗೆ ಅಮಲು ಇಳಿದು ಎಷ್ಟೋ ದಿನವಾಗಿರುತ್ತದೆ. ಆದರೆ ಎಂಜಲಿನ ಪರೀಕ್ಷೆ ಗಾಂಜಾದ ಮತ್ತೇರಿಸುವ ಅಂಶವಾದ ಮೂಲ ಟಿಎಚ್‌ಸಿಯನ್ನೇ, ಹೆಚ್ಚುಕಡಿಮೆ ಒಂದೆರಡು ದಿನದ ಒಳಗಿನದನ್ನು, ಹಿಡಿಯುತ್ತದೆ. ಅದಕ್ಕೆ ಅಲ್ಲಿ ತಡೆ ಇಲ್ಲ. ಕಟ್ಟಡ ನಿರ್ಮಾಣದ ಕಸುಬುದಾರರಿಗೂ ಕೇಂದ್ರದ ಭದ್ರತಾ ಪರಿಶೀಲನೆ ಬೇಕಾದ ಹುದ್ದೆಗಳಿಗೂ ಈ ರಕ್ಷಣೆ ಇಲ್ಲ. ಇನ್ನು ಕೊಲರಾಡೊ ಗಾಂಜಾವನ್ನು ಕಾನೂನುಬದ್ಧ ಮಾಡಿದ ಮೊದಲ ರಾಜ್ಯಗಳಲ್ಲಿ ಒಂದು. ಆದರೆ ಅಲ್ಲಿಯ ಸುಪ್ರೀಂ ಕೋರ್ಟ್ 2015ರ ಕೋಟ್ಸ್ ಪ್ರಕರಣದಲ್ಲಿ, ಕೇಂದ್ರ ಕಾನೂನಿಗೆ ವಿರುದ್ಧವಾದ್ದನ್ನು ಕಾನೂನುಬದ್ಧ ಚಟುವಟಿಕೆ ಎನ್ನಲಾಗದು ಎಂದು ಹೇಳಿ, ವೈದ್ಯಕೀಯ ಕಾರಣಕ್ಕೆ ಮನೆಯಲ್ಲಿ ಬಳಸಿದ ನೌಕರನನ್ನು ಕೆಲಸದಿಂದ ತೆಗೆದದ್ದನ್ನು ಎತ್ತಿಹಿಡಿಯಿತು. ಅಂಗಡಿಯಲ್ಲಿ ಮಾರುತ್ತಾರೆ ಅಂದಮಾತ್ರಕ್ಕೆ ಕೆಲಸ ಸುರಕ್ಷಿತ ಎಂದು ಯಾವ ರಾಜ್ಯದಲ್ಲೂ ಊಹಿಸಬೇಡಿ. ಕಂಪನಿಯ ಮುಖ್ಯ ಕಚೇರಿ ಎಲ್ಲಿದೆ ಅನ್ನುವುದಕ್ಕಿಂತ ನೀವು ಕೂತು ಕೆಲಸ ಮಾಡುವ ರಾಜ್ಯ ಯಾವುದು ಅನ್ನುವುದೇ ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತದೆ. ಮನೆಯಿಂದ ಕೆಲಸ ಮಾಡುವವರು ಇದನ್ನು ಎಚ್‌ಆರ್ ಬಳಿ ಸ್ಪಷ್ಟಪಡಿಸಿಕೊಳ್ಳಬೇಕು.

ಇನ್ನು ಸ್ಯಾಂಪಲ್ ಕೊಡುವ ಮೊದಲಿನ ದಿನಗಳು. ನಮ್ಮ ಅಡುಗೆಮನೆಯಲ್ಲಿ ಗಮನ ಕೊಡಬೇಕಾದ ವಸ್ತು ಗಸಗಸೆ. ಗಸಗಸೆ ಬೀಜ ಅಫೀಮಿನ ಗಿಡದ್ದೇ. ಬೀಜದ ಮೇಲ್ಮೈಗೆ ಅಂಟಿದ ಕಾಯಿಯ ಹಾಲಿನಂಥ ರಸದಿಂದ ಮಾರ್ಫಿನ್ ಮತ್ತು ಕೊಡೀನ್ ಅಲ್ಪ ಪ್ರಮಾಣದಲ್ಲಿ ಸೇರಿರುತ್ತವೆ. ಒಂದು ಸರಕಿನಲ್ಲಿ ಏನೂ ಇಲ್ಲದಿರಬಹುದು, ಇನ್ನೊಂದರಲ್ಲಿ ಹತ್ತಾರು ಪಟ್ಟು ಇರಬಹುದು. ಬೇಕರಿಯ ಬನ್ನಿನ ಮೇಲೆ ಉದುರಿಸುವುದು ಚಿಟಿಕೆ. ನಾವು ಪಾಯಸಕ್ಕೆ, ಸಾಗುವಿಗೆ ಚಮಚಗಟ್ಟಲೆ ಹಾಕಿ ರುಬ್ಬುತ್ತೇವೆ. ತೊಳೆದು, ಹುರಿದು, ಕುದಿಸಿದಾಗ ಒಂದಷ್ಟು ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆ ಎಂದು ನಂಬಿಕೊಳ್ಳುವಂತಿಲ್ಲ. ಬನ್ನು ತಿಂದವರೂ ಸಿಕ್ಕಿಬೀಳುತ್ತಿದ್ದ ಕಾರಣಕ್ಕೇ ಕೇಂದ್ರ ಸರ್ಕಾರ 1998ರಲ್ಲಿ ಈ ಗುಂಪಿನ ಕಟ್‌ಆಫ್ ಅನ್ನು, ಅಂದರೆ ಪಾಸಿಟಿವ್ ಎಂದು ಲೆಕ್ಕ ಹಿಡಿಯುವ ಮಿತಿಯನ್ನು, ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2,000ಕ್ಕೆ ಏರಿಸಿತು. ಆದರೆ ನಾನ್-ಡಿಒಟಿ ಪರೀಕ್ಷೆಯಲ್ಲಿ ಕಂಪನಿ ಹಳೆಯ 300ರ ಮಿತಿಯನ್ನೇ ಆರಿಸಿಕೊಂಡಿರಬಹುದು. ಕೆಲಸ ಹುಡುಕುತ್ತಿರುವ ತಿಂಗಳುಗಳಲ್ಲಿ ಗಸಗಸೆಯನ್ನು ದೂರ ಇಡಿ. ಅಷ್ಟು ಆಗದಿದ್ದರೆ ಸ್ಯಾಂಪಲ್‌ಗೆ ಮೊದಲು ನಾಲ್ಕು ದಿನವಾದರೂ ಬಿಡಿ. ಹಬ್ಬದ ಊಟ ಮಾಡಿ ಬಂದಿದ್ದರೆ ಏನು, ಯಾವಾಗ, ಎಷ್ಟು ತಿಂದಿರಿ ಎಂದು ಬರೆದಿಟ್ಟುಕೊಳ್ಳಿ.

ಭಂಗಿಯ ಬಗ್ಗೆಯೂ ಹೇಳಬೇಕು. ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದು ಹೆಸರಿಸುವುದು ಹೂವು ಕಾಯಿಗಳ ತುದಿಯನ್ನು. ತುದಿ ಇಲ್ಲದ ಬರೀ ಎಲೆ ಆ ವ್ಯಾಖ್ಯೆಯ ಹೊರಗಿದೆ. ಆದ್ದರಿಂದ ಉತ್ತರದ ಕೆಲವು ರಾಜ್ಯಗಳಲ್ಲಿ ಹೋಳಿ, ಶಿವರಾತ್ರಿಗೆ ಭಂಗಿ ರಾಜಾರೋಷವಾಗಿ ಸಿಗುತ್ತದೆ. ಅಮೆರಿಕದ ಲ್ಯಾಬಿಗೆ ಎಲೆಯೂ ಒಂದೇ, ತುದಿಯೂ ಒಂದೇ. ರಜೆಗೆ ಹೋದಾಗ ಕುಡಿದ ಒಂದು ಲೋಟ ಭಂಗಿ ಟಿಎಚ್‌ಸಿ ಆಗಿಯೇ ಕಾಣಿಸಿಕೊಳ್ಳುತ್ತದೆ. ಸಿಬಿಡಿ (ಗಾಂಜಾ ಗಿಡದ ಮತ್ತೇರಿಸದ ಅಂಶ) ಎಣ್ಣೆ, ಹೆಂಪ್ (ಅದೇ ಗಿಡದ ಒಂದು ತಳಿ) ಗಮ್ಮಿ ಎಂದು ಮಾರುವ ಪದಾರ್ಥಗಳಲ್ಲೂ ಟಿಎಚ್‌ಸಿ ಬೆರೆತಿರುವುದುಂಟು. ಸಿಬಿಡಿ ಬಳಸಿದ್ದೆ ಅನ್ನುವುದು ಸಮಜಾಯಿಷಿ ಆಗದು ಎಂದು ಸಾರಿಗೆ ಇಲಾಖೆ 2020ರಲ್ಲೇ ಸ್ಪಷ್ಟವಾಗಿ ಹೇಳಿದೆ.

ಔಷಧಿಗಳ ವಿಷಯ ಇನ್ನೂ ಮುಖ್ಯ. ಊರಿನಿಂದ ತಂದ ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ನೋವಿನ ಮಾತ್ರೆ, ನಿದ್ದೆ ಮಾತ್ರೆ ಇವೆಲ್ಲದಕ್ಕೂ ವೈದ್ಯರ ಚೀಟಿ, ಔಷಧಿ ಅಂಗಡಿಯ ಬಿಲ್ಲು, ಹೆಸರು ಬರೆದ ಡಬ್ಬಿ ಜೊತೆಗಿರಲಿ. ವಿದೇಶದಲ್ಲಿ ಕಾನೂನಿನ ಪ್ರಕಾರ ಪಡೆದು, ಸರಿಯಾದ ಕಾಯಿಲೆಗೆ, ಸರಿಯಾದ ಪ್ರಮಾಣದಲ್ಲಿ ಬಳಸಿದ ಔಷಧಿಯನ್ನು ಸಮಜಾಯಿಷಿಯಾಗಿ ಪರಿಗಣಿಸಲು ಡಿಒಟಿ ನಿಯಮದಲ್ಲೂ ಅವಕಾಶವಿದೆ. ಹೆಂಡತಿಗೋ ಅಪ್ಪನಿಗೋ ಬರೆದುಕೊಟ್ಟ ಮಾತ್ರೆಯನ್ನು ನೀವು ನುಂಗಿದ್ದರೆ ಆ ಚೀಟಿ ನಿಮ್ಮನ್ನು ಕಾಯುವುದಿಲ್ಲ. ನಮ್ಮ ಮನೆಗಳಲ್ಲಿ ಮಾತ್ರೆ ಹಂಚಿಕೊಳ್ಳುವ ರೂಢಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ. ಕೆಲವು ಆಯುರ್ವೇದ ಗುಳಿಗೆಗಳಲ್ಲಿ ಅಹಿಫೇನ, ಅಂದರೆ ಅಫೀಮೇ ಇರುತ್ತದೆ. ಡಬ್ಬಿಯ ಮೇಲಿನ ಪಟ್ಟಿ ಓದಿ. ಅಮೆರಿಕದಲ್ಲಿ ಚೀಟಿ ಇಲ್ಲದೆ ಸಿಗುವ ಕೆಲವು ಮೂಗಿನ ಇನ್ಹೇಲರ್‌ಗಳಲ್ಲಿ ಲೆವ್‌ಮೆಟಾಮ್‌ಫೆಟಮಿನ್ ಇರುತ್ತದೆ. ಅದು ಮೆಥಾಂಫೆಟಮಿನ್‌ನ ಎಡಗೈ ರೂಪ. ಮಾಮೂಲಿ ಖಚಿತ ಪರೀಕ್ಷೆ ಎರಡನ್ನೂ ಬೇರೆ ಮಾಡದಿದ್ದರೆ ‘ಡಿ-ಎಲ್ ಐಸೋಮರ್’ ಪರೀಕ್ಷೆ ಮಾಡಿಸಿ ಎಂದು ಕೇಳಬೇಕು.

ಸಂಗ್ರಹ ಕೇಂದ್ರಕ್ಕೆ ಸರ್ಕಾರಿ ಫೋಟೊ ಗುರುತುಪತ್ರ ಒಯ್ಯಿರಿ. ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ, ಫೋನಿನಲ್ಲಿರುವ ಫೋಟೊ ನಡೆಯುವುದಿಲ್ಲ. ಎರಡು ಲೋಟ ನೀರು ಕುಡಿದು, ಮೂತ್ರಕ್ಕೆ ಅವಸರ ಆಗುವ ಹೊತ್ತಿಗೆ ಹೋದರೆ ಸಾಕು. ಕೋಟು, ಟೋಪಿ, ಬ್ಯಾಗು ಹೊರಗಿಟ್ಟು, ಜೇಬು ಖಾಲಿ ಮಾಡಿ, ಸಂಗ್ರಾಹಕರ ಎದುರು ಕೈ ತೊಳೆಯಬೇಕು. ಶೌಚದ ನೀರಿಗೆ ನೀಲಿ ಬಣ್ಣ ಹಾಕಿರುತ್ತಾರೆ, ಆ ನೀರನ್ನು ಯಾರೂ ಸ್ಯಾಂಪಲ್‌ಗೆ ಬೆರೆಸಬಾರದು ಎಂದು. ಕಪ್ ಮತ್ತು ಬಾಟಲಿಗಳ ಮೊಹರನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಒಡೆದಿರುವುದನ್ನು ಕೊಟ್ಟರೆ ಬೇರೆಯದು ಕೇಳಿ. ಡಿಒಟಿ ಪರೀಕ್ಷೆಗೆ ಕಡಿಮೆ ಎಂದರೆ 45 ಮಿ.ಲೀ. ಬೇಕು. ಫ್ಲಷ್ ಮಾಡದೆ ಹೊರಬಂದು ಕಪ್ ಕೈಗೆ ಕೊಡಬೇಕು. ನಾಲ್ಕು ನಿಮಿಷದೊಳಗೆ ಅವರು ಕಪ್ಪಿನ ಪಟ್ಟಿಯಲ್ಲಿ ಬಿಸಿ ನೋಡುತ್ತಾರೆ. ಅದು 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 32ರಿಂದ 38 ಸೆಲ್ಸಿಯಸ್ ನಡುವೆ ಇರಬೇಕು. ಹೊರಗಿದ್ದರೆ ಕೂಡಲೇ ಎರಡನೇ ಸ್ಯಾಂಪಲ್, ಈ ಸಲ ಅದೇ ಲಿಂಗದ ಒಬ್ಬರು ನೋಡುತ್ತಿರುವಂತೆ.

ನಂತರದ ಎರಡು ನಿಮಿಷಗಳಲ್ಲಿ ಕಣ್ಣು ಆಚೀಚೆ ಹೋಗಬಾರದು. 30 ಮಿ.ಲೀ. ‘ಎ’ ಬಾಟಲಿಗೆ, 15 ಮಿ.ಲೀ. ‘ಬಿ’ ಬಾಟಲಿಗೆ ಸುರಿದು, ಮೊಹರು ಹಚ್ಚಿ, ದಿನಾಂಕ ಬರೆದು, ನಿಮ್ಮಿಂದ ಕಿರುಸಹಿ ಹಾಕಿಸುತ್ತಾರೆ. ಬಾಟಲಿಯ ನಂಬರೂ ಫಾರ್ಮಿನ ನಂಬರೂ ಒಂದೇ ಇದೆಯೇ ಎಂದು ನೋಡಿ. ಬಾಟಲಿಗೆ ಮೊಹರು ಬೀಳುವ ಮೊದಲೇ ಕಿರುಸಹಿ ಕೇಳಿದರೆ ಹಾಕಬೇಡಿ. ಫೋನ್ ನಂಬರನ್ನು ಎರಡು ಸಲ ಓದಿ. ಭಾರತದ ನಂಬರ್, ಹಳೆಯ ನಂಬರ್ ಬರೆದರೆ ಮುಂದೆ ವೈದ್ಯರ ಕರೆ ನಿಮಗೆ ಮುಟ್ಟುವುದಿಲ್ಲ. ಸ್ಯಾಂಪಲ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ದಾಖಲಿಸುವ ಕಸ್ಟಡಿ ಫಾರ್ಮಿನ ನಿಮ್ಮ ಪ್ರತಿಯನ್ನು ಫಲಿತಾಂಶ ಬಂದು ಕೆಲಸಕ್ಕೆ ಸೇರುವವರೆಗೆ ಜೋಪಾನ ಮಾಡಿ. ನಾನ್-ಡಿಒಟಿ ಪರೀಕ್ಷೆಯಲ್ಲಿ ಕೆಲವೊಮ್ಮೆ ಒಂದೇ ಬಾಟಲಿ ಇರುತ್ತದೆ. ಹಾಗಿದ್ದರೆ ‘ಬಿ’ ಬಾಟಲಿಯ ಹಕ್ಕಿನ ಮಾತೇ ಬರುವುದಿಲ್ಲ, ಅದೇ ಸ್ಯಾಂಪಲ್‌ನ ಮರುಪರೀಕ್ಷೆ ಕೇಳಬೇಕಾಗುತ್ತದೆ.

ಮೂತ್ರ ಬಾರದೆ ಹೋಗುವುದೂ ಉಂಟು, ಸಂಕೋಚದಿಂದ. ಆಗ ಡಿಒಟಿ ನಿಯಮದಲ್ಲಿ ಮೂರು ಗಂಟೆ ಸಮಯವಿದೆ, ಆ ಹೊತ್ತಿನಲ್ಲಿ 40 ಔನ್ಸ್, ಸುಮಾರು 1.2 ಲೀಟರ್‌ವರೆಗೆ ದ್ರವ ಕುಡಿಯಬಹುದು. ಆಗಲೂ ಆಗದಿದ್ದರೆ ಐದು ದಿನದೊಳಗೆ ವೈದ್ಯಕೀಯ ತಪಾಸಣೆ, ಕಾರಣ ಸಿಗದಿದ್ದರೆ ಅದು ನಿರಾಕರಣೆ. ಮಧ್ಯದಲ್ಲಿ ಪಾರ್ಕಿಂಗ್ ಮೀಟರಿಗೆ ದುಡ್ಡು ಹಾಕಿ ಬರುತ್ತೇನೆ ಎಂದು ಎದ್ದು ಹೋಗುವುದೂ ನಿರಾಕರಣೆಯ ಲೆಕ್ಕಕ್ಕೆ ಬೀಳುತ್ತದೆ. ಹೆದರಿ ಲೀಟರುಗಟ್ಟಲೆ ನೀರು ಕುಡಿದು ಹೋಗುವವರಿಗೆ ಇನ್ನೊಂದು ತೊಂದರೆ. ಮೂತ್ರದಲ್ಲಿ ಸಹಜವಾಗಿ ಇರುವ ಕ್ರಿಯಾಟಿನಿನ್ ಡೆಸಿಲೀಟರಿಗೆ 20 ಮಿ.ಗ್ರಾಂಗಿಂತ ಕಡಿಮೆಯಾಗಿ, ಸಾಪೇಕ್ಷ ಸಾಂದ್ರತೆ 1.0030ಕ್ಕಿಂತ ಕೆಳಗೆ ಹೋದರೆ ಸ್ಯಾಂಪಲ್ ‘ಡೈಲ್ಯೂಟ್’. ನೆಗೆಟಿವ್ ಬಂದಿದ್ದರೂ ಕಂಪನಿ ಮತ್ತೊಮ್ಮೆ ಕರೆಯಬಹುದು. ಕ್ರಿಯಾಟಿನಿನ್ 2ಕ್ಕಿಂತಲೂ ಕಡಿಮೆಯಾಗಿ ಸಾಂದ್ರತೆಯೂ ಮಿತಿ ದಾಟಿದ್ದರೆ ಇದು ಮನುಷ್ಯರ ಸಹಜ ಮೂತ್ರವೇ ಅಲ್ಲ ಎಂದು ಲ್ಯಾಬ್ ವರದಿ ಮಾಡುತ್ತದೆ.

ಲ್ಯಾಬಿನಲ್ಲಿ ಎರಡು ಹಂತ. ಮೊದಲಿನದು ಇಮ್ಯುನೊಅಸ್ಸೆ ಎಂಬ ತ್ವರಿತ ಜಾಲಾಟ. ಇಲ್ಲಿ ಸೂಡೊಎಫೆಡ್ರಿನ್‌ನಂಥ ಶೀತದ ಮಾತ್ರೆಯೂ ಆಂಫೆಟಮಿನ್ ಎಂದು ತೋರಬಹುದು. ಎರಡನೆಯದು ಮಾಸ್ ಸ್ಪೆಕ್ಟ್ರೊಮೆಟ್ರಿ, ಅದು ಅಣುವಿನ ಗುರುತನ್ನೇ ಹಿಡಿಯುತ್ತದೆ. ಗಾಂಜಾಕ್ಕೆ ಕೇಂದ್ರದ ಕಟ್‌ಆಫ್ ಮೊದಲ ಹಂತದಲ್ಲಿ ಮಿಲಿಲೀಟರಿಗೆ 50 ನ್ಯಾನೊಗ್ರಾಂ, ಎರಡನೆಯದರಲ್ಲಿ 15. ಕೊಕೇನ್‌ಗೆ 150 ಮತ್ತು 100. ಮೊದಲ ಹಂತದ ಫಲಿತಾಂಶವೊಂದನ್ನೇ ಇಟ್ಟುಕೊಂಡು ಯಾರಾದರೂ ಆಫರ್ ಹಿಂದೆಗೆದುಕೊಂಡರೆ ಆ ರಾಜ್ಯದ ಕಾನೂನು ತೆಗೆದು ನೋಡಿ. ಖಚಿತ ಪರೀಕ್ಷೆ ಇಲ್ಲದೆ ಕ್ರಮ ಕೈಗೊಳ್ಳುವುದನ್ನು ಮಿನ್ನೆಸೋಟ, ಅಯೊವಾದಂಥ ರಾಜ್ಯಗಳು ಒಪ್ಪುವುದಿಲ್ಲ. ನೆಗೆಟಿವ್ ಆಗಿದ್ದರೆ ಫಲಿತಾಂಶ ಒಂದೆರಡು ಕೆಲಸದ ದಿನದಲ್ಲಿ ಬರುತ್ತದೆ. ನಾಲ್ಕೈದು ದಿನ ಸದ್ದಿಲ್ಲ ಎಂದರೆ ಖಚಿತ ಪರೀಕ್ಷೆ ನಡೆಯುತ್ತಿರಬಹುದು. ಆಗ ಫೋನ್ ಕೈಯಲ್ಲೇ ಇರಲಿ.

ಏಕೆಂದರೆ ಪಾಸಿಟಿವ್ ಫಲಿತಾಂಶ ನೇರ ಕಂಪನಿಗೆ ಹೋಗುವುದಿಲ್ಲ. ಎಂಆರ್‌ಒ, ಅಂದರೆ ಮೆಡಿಕಲ್ ರಿವ್ಯೂ ಆಫೀಸರ್ ಎಂಬ ವೈದ್ಯರ ಕೈಗೆ ಹೋಗುತ್ತದೆ. ಅವರು ಮೊದಲು ನಿಮಗೆ ಕರೆ ಮಾಡುತ್ತಾರೆ. ಇಡೀ ಪ್ರಕ್ರಿಯೆಯಲ್ಲಿ ನಿಮ್ಮ ಮಾತಿಗೆ ನಿಜವಾದ ತೂಕ ಇರುವುದು ಈ ಕರೆಯಲ್ಲಿ. ಡಿಒಟಿ ನಿಯಮದಲ್ಲಿ 24 ಗಂಟೆಯ ಅವಧಿಯಲ್ಲಿ ಕನಿಷ್ಠ ಮೂರು ಸಲ ಪ್ರಯತ್ನಿಸಿ, ಸಿಗದಿದ್ದರೆ ಕಂಪನಿಯ ಮೂಲಕ ಹೇಳಿಕಳಿಸುತ್ತಾರೆ. ಹಾಗೆ ತಿಳಿದ 72 ಗಂಟೆಯೊಳಗೆ ನೀವು ಕರೆ ಮಾಡದಿದ್ದರೆ, ಮಾತೇ ಆಡದೆ ಪಾಸಿಟಿವ್ ಎಂದು ಮುದ್ರೆ ಬೀಳುತ್ತದೆ. ಸ್ಪ್ಯಾಮ್ ಎಂದುಕೊಂಡು ಗೊತ್ತಿಲ್ಲದ ನಂಬರ್ ಎತ್ತದಿರುವ ಅಭ್ಯಾಸ ಈ ವಾರದ ಮಟ್ಟಿಗೆ ಬಿಡಬೇಕು, ವಾಯ್ಸ್‌ಮೇಲ್ ಪೆಟ್ಟಿಗೆ ತುಂಬಿದ್ದರೆ ಖಾಲಿ ಮಾಡಬೇಕು.

ಕರೆಯಲ್ಲಿ ವೈದ್ಯರು ಗುರುತು ಕೇಳಿ, ಯಾವ ವಸ್ತುವಿಗೆ ಪಾಸಿಟಿವ್ ಎಂದು ಹೇಳಿ, ವೈದ್ಯಕೀಯ ಕಾರಣ ಇದೆಯೇ ಎಂದು ಕೇಳುತ್ತಾರೆ. ಔಷಧಿಯ ಹೆಸರು, ಬರೆದುಕೊಟ್ಟವರು, ದಿನಾಂಕ ಹೇಳಿ, ದಾಖಲೆ ಕಳಿಸಲು ಫ್ಯಾಕ್ಸ್ ಅಥವಾ ಇಮೇಲ್ ವಿಳಾಸ, ಕೊನೆಯ ಗಡುವು ಕೇಳಿ ಬರೆದುಕೊಳ್ಳಿ. ಗಸಗಸೆಯ ಸಂದರ್ಭದಲ್ಲಿ ಡಿಒಟಿ ನಿಯಮ ಸ್ಪಷ್ಟವಾಗಿದೆ. ಹೆರಾಯಿನ್‌ನ ಗುರುತಾದ 6-ಎಎಂ ಸಿಗದೆ, ಮಾರ್ಫಿನ್ ಅಥವಾ ಕೊಡೀನ್ 15,000 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ, ದುರ್ಬಳಕೆಯ ವೈದ್ಯಕೀಯ ಲಕ್ಷಣ ಇದೆ ಎಂದು ವೈದ್ಯರೇ ತೋರಿಸಬೇಕು, ಇಲ್ಲವಾದರೆ ಅದನ್ನು ನೆಗೆಟಿವ್ ಎನ್ನಬೇಕು. 15,000 ಮುಟ್ಟಿದರೆ ಆಹಾರದ ಕಾರಣವನ್ನು ಅವರು ಒಪ್ಪುವಂತೆಯೇ ಇಲ್ಲ. ಆದ್ದರಿಂದ ಪಾಯಸದ ಕಥೆ ಹೇಳುವ ಮೊದಲು ಪ್ರಮಾಣ ಎಷ್ಟು ಬಂದಿದೆ, 6-ಎಎಂ ನೋಡಿದ್ದಾರೆಯೇ ಎಂದು ಕೇಳಿ.

ವೈದ್ಯರು ಪಾಸಿಟಿವ್ ಎಂದು ಖಚಿತಪಡಿಸಿದರೆ ಹೊಸ ಗಡಿಯಾರ ಶುರು. ಡಿಒಟಿ ಪರೀಕ್ಷೆಯಲ್ಲಿ 72 ಗಂಟೆಯೊಳಗೆ ‘ಬಿ’ ಬಾಟಲಿಯನ್ನು ಬೇರೆ ಲ್ಯಾಬಿಗೆ ಕಳಿಸಿ ಎಂದು ಕೇಳಬಹುದು. ಮುಂಗಡ ದುಡ್ಡು ಕೊಡಲಿಲ್ಲ ಎಂಬ ಕಾರಣಕ್ಕೆ ಅದನ್ನು ತಡೆಯುವಂತಿಲ್ಲ. ಮಿನ್ನೆಸೋಟದಲ್ಲಿ ವಿವರಣೆ ಕೊಡಲು ಮೂರು ಕೆಲಸದ ದಿನ, ಸ್ವಂತ ಖರ್ಚಿನಲ್ಲಿ ಮರುಪರೀಕ್ಷೆ ಕೇಳಲು ಐದು ಕೆಲಸದ ದಿನ. ಅಲ್ಲಿ ಕೆಲಸದಲ್ಲಿರುವ ನೌಕರನಿಗೆ ಮೊದಲ ಪಾಸಿಟಿವ್‌ಗೆ ಕೌನ್ಸೆಲಿಂಗ್ ಅಥವಾ ಚಿಕಿತ್ಸೆಯ ಅವಕಾಶ ಕೊಡದೆ ತೆಗೆಯುವಂತಿಲ್ಲ. ಅಯೊವಾದಲ್ಲಿ ಕೆಲಸದಲ್ಲಿರುವವರಿಗೆ ಫಲಿತಾಂಶವನ್ನು ಲಿಖಿತವಾಗಿ ಕಳಿಸಬೇಕು, ಕಳಿಸಿದ ದಿನದಿಂದ ಏಳು ದಿನದೊಳಗೆ ಎರಡನೇ ಪರೀಕ್ಷೆ ಕೇಳಬೇಕು, ಅದು ನೆಗೆಟಿವ್ ಬಂದರೆ ಕಂಪನಿ ಖರ್ಚು ಹಿಂದಿರುಗಿಸಬೇಕು. ಅಂಚೆಯಲ್ಲಿ ಕಳಿಸಿದರೆ ದಿನ ಎಣಿಸುವುದು ಅಂಚೆಗೆ ಹಾಕಿದ ದಿನದಿಂದ, ಕೈಗೆ ಬಂದ ದಿನದಿಂದಲ್ಲ. ಅಂಚೆಪೆಟ್ಟಿಗೆ ವಾರಕ್ಕೊಮ್ಮೆ ತೆರೆಯುವವರಿಗೆ ಇದು ಸಾಕಷ್ಟು ದುಬಾರಿ. ಫ್ಲಾರಿಡಾದ ಕಾರ್ಯಕ್ರಮದಲ್ಲಿ ವಿವರಣೆಗೆ ಐದು ಕೆಲಸದ ದಿನ. ನೆವಾಡದಲ್ಲಿ ಕೆಲಸಕ್ಕೆ ಸೇರಿದ ಮೊದಲ 30 ದಿನದಲ್ಲಿ ಕಂಪನಿ ಪರೀಕ್ಷೆ ಮಾಡಿಸಿದರೆ, ನೀವು ಸ್ವಂತ ಖರ್ಚಿನಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಿ ಅದನ್ನು ಅಲ್ಲಗಳೆಯಬಹುದು. ಎಲ್ಲ ಬೇಡಿಕೆಯನ್ನೂ ಇಮೇಲ್‌ನಲ್ಲಿ, ಫಾರ್ಮಿನ ನಂಬರ್ ಸಮೇತ ಬರೆಯಿರಿ. ಫೋನಿನಲ್ಲಿ ಕೇಳಿದ್ದೆ ಅನ್ನುವುದಕ್ಕೆ ಆಮೇಲೆ ಸಾಕ್ಷಿ ಇರುವುದಿಲ್ಲ.

ಮದ್ಯದ ಪರೀಕ್ಷೆಯ ನಿಯಮ ಬೇರೆ. ಅಂಗವಿಕಲರ ಹಕ್ಕಿನ ಎಡಿಎ ಕಾಯ್ದೆಯ ಪ್ರಕಾರ ಅದು ವೈದ್ಯಕೀಯ ಪರೀಕ್ಷೆ, ಆಫರ್ ಕೊಡುವ ಮೊದಲು ಮಾಡಿಸುವಂತಿಲ್ಲ. ಅಕ್ರಮ ಡ್ರಗ್‌ನ ಪರೀಕ್ಷೆಗೆ ಆ ತಡೆ ಇಲ್ಲ. ಉಸಿರಿನ ಪರೀಕ್ಷೆಯಲ್ಲಿ 0.02 ಅಥವಾ ಹೆಚ್ಚು ಬಂದರೆ ಡಿಒಟಿ ನಿಯಮದಲ್ಲಿ ಕನಿಷ್ಠ 15 ನಿಮಿಷ ಕಾದು ಮತ್ತೆ ಊದಿಸುತ್ತಾರೆ. ಬಾಯಲ್ಲಿ ಉಳಿದ ಮೌತ್‌ವಾಶ್, ಅರಿಷ್ಟಗಳ ಮದ್ಯಾಂಶ ಅಷ್ಟರಲ್ಲಿ ಹೋಗಿರುತ್ತದೆ. 0.04 ಅಥವಾ ಹೆಚ್ಚು ಬಂದರೆ ಉಲ್ಲಂಘನೆ. ದಶಮೂಲಾರಿಷ್ಟ, ಅಶೋಕಾರಿಷ್ಟ ಕುಡಿಯುವ ಚಾಲಕರು ಪಾಳಿಯ ಹೊತ್ತಿಗೆ ಅದನ್ನು ದೂರವಿಡುವುದು ಲೇಸು. ಮೂತ್ರದಲ್ಲಿ ಇಟಿಜಿ ಎಂಬ ಮದ್ಯದ ಶೇಷಾಂಶವನ್ನು ಹುಡುಕುವ ಪರೀಕ್ಷೆ ಇನ್ನೂ ಸೂಕ್ಷ್ಮ, ಎರಡು ಮೂರು ದಿನದ ಹಿಂದಿನ ಮದ್ಯವನ್ನೂ ತೋರಿಸಬಲ್ಲದು.

ಕೆಲಸದ ನಡುವೆ ‘ಅನುಮಾನದ ಮೇಲೆ’ ಪರೀಕ್ಷೆಗೆ ಕಳಿಸಿದರೆ, ಏನು ಕಂಡಿತು ಎಂಬುದನ್ನು ಮೇಲ್ವಿಚಾರಕರು ಬರೆದಿಟ್ಟಿದ್ದಾರೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅಯೊವಾದಲ್ಲಿ ಇಂಥ ಮೇಲ್ವಿಚಾರಕರಿಗೆ ಮೊದಲು ಎರಡು ಗಂಟೆ, ಆಮೇಲೆ ಪ್ರತಿ ವರ್ಷ ಒಂದು ಗಂಟೆಯ ತರಬೇತಿ ಕಡ್ಡಾಯ. ಪ್ರಶ್ನೆ ಕೇಳಿ, ಆದರೆ ಪರೀಕ್ಷೆಗೆ ಹೋಗಿ. ನಿರಾಕರಣೆಯನ್ನು ಬಹುತೇಕ ನೀತಿಗಳು ಪಾಸಿಟಿವ್‌ನಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತವೆ. ಕಾರು ನೀವೇ ಓಡಿಸಬೇಡಿ, ಕಂಪನಿ ವಾಹನ ಕೊಡಲಿ.

ವೀಸಾದ ಮೇಲಿರುವವರಿಗೆ ಕೊನೆಯದಾಗಿ ಒಂದು ವಿಷಯ, ಇದು ಗಾಂಜಾ ಕಾನೂನುಬದ್ಧವಾಗಿರುವ ರಾಜ್ಯಗಳಲ್ಲಿ ಇರುವವರಿಗೇ ಹೆಚ್ಚು ಬೇಕು. ನ್ಯೂಯಾರ್ಕ್ ಅಥವಾ ಕ್ಯಾಲಿಫೋರ್ನಿಯಾದ ಕಾನೂನು ನಿಮ್ಮ ಕೆಲಸವನ್ನು ಕಾಯಬಹುದು, ವಲಸೆಯ ಕಡತವನ್ನು ಕಾಯುವುದಿಲ್ಲ. ವಲಸೆ ಕೇಂದ್ರದ ವಿಷಯ, ಅಲ್ಲಿ ಗಾಂಜಾ ನಿಯಂತ್ರಿತ ವಸ್ತು. ರಾಜ್ಯ ಒಪ್ಪಿದ್ದರೂ ಗಾಂಜಾ ಬಳಕೆ ಪೌರತ್ವದ ಅರ್ಜಿಯಲ್ಲಿ ಸನ್ನಡತೆಯ ವಿರುದ್ಧ ಲೆಕ್ಕಕ್ಕೆ ಬರಬಹುದು ಎಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲಿ ನೀತಿಯಾಗಿಯೇ ಪ್ರಕಟಿಸಿತು. ಹಾಗಾಗಿ ಪಾಸಿಟಿವ್ ಬಂದ ಮೇಲೆ ಎಚ್‌ಆರ್ ಮುಂದೆ ‘ಹೌದು, ಬಳಸಿದ್ದೆ’ ಎಂಬ ಹೇಳಿಕೆಗೆ ಸಹಿ ಹಾಕುವ ಮೊದಲು ವಲಸೆ ವಕೀಲರನ್ನು ಕಾಣಿ. ಕೆಲಸ ಹೋದರೆ ಎಚ್-1ಬಿ ಇರುವವರಿಗೆ ದೇಶದಲ್ಲಿ ಉಳಿಯಲು ಗರಿಷ್ಠ 60 ದಿನ, ಐ-94 (ಇರಲು ಅನುಮತಿಯ ಅವಧಿ ಬರೆದ ದಾಖಲೆ) ಅದಕ್ಕಿಂತ ಮೊದಲು ಮುಗಿದರೆ ಅಲ್ಲಿಯವರೆಗೆ ಮಾತ್ರ. ಮರುಪರೀಕ್ಷೆಯ ಫಲಿತಾಂಶ ಬರಲಿ ಎಂದು ಕಾಯುತ್ತ ಕೂರದೆ, ಕೊನೆಯ ಕೆಲಸದ ದಿನದ ಮಾರನೆಯ ದಿನವೇ ಮುಂದಿನ ಕಂಪನಿಯ ಹುಡುಕಾಟವನ್ನೂ ಶುರುಮಾಡಬೇಕು.